ಮಡಿವಂತರ ಬ್ರೇಕು

ಹಳೇ ಕಾರುಗಳ ಮೇಳದಲ್ಲಿ ಬಾನೆಟ್ ಎತ್ತಿಸಿ ನೋಡುವವರು ಸಜ್ಜನರು. ನಾನು ಹೆದರುವುದು ಮೊಣಕಾಲೂರಿ ಚಕ್ರದ ಸಂದಿಗೆ ಮೊಬೈಲ್ ಟಾರ್ಚ್ ಬಿಡುವವರಿಗೆ. ಮೊನ್ನೆ ಅಂಥವರೊಬ್ಬರು ನನ್ನ ಅಂಬಾಸಿಡರ್‌ನ ಮುಂದಿನ ಚಕ್ರದೊಳಗೆ ಡ್ರಮ್ಮಿನ ಬದಲು ಡಿಸ್ಕ್ ಬ್ರೇಕ್ ಮಿನುಗಿದ್ದನ್ನು ಕಂಡು, "ಏನ್ ಸಾರ್, ಒರಿಜಿನಲ್ ಗಾಡಿ ಕೆಡಿಸಿಬಿಟ್ರಲ್ಲಾ" ಅಂದರು.

ಅವರ ಕಾರಿಗೆ ರೇಡಿಯಲ್ ಟೈರು, ಎಲೆಕ್ಟ್ರಾನಿಕ್ ಇಗ್ನಿಷನ್, ಡ್ಯಾಶ್‌ಬೋರ್ಡಿನಡಿ ಬ್ಲೂಟೂತ್ ಸ್ಟೀರಿಯೊ. ಇವುಗಳಿಂದ ಮಡಿ ಕೆಡುವುದಿಲ್ಲ. ಗಾಡಿ ನೆಟ್ಟಗೆ ನಿಂತರೆ ಮಾತ್ರ ಮೈಲಿಗೆ. ಆ ಕಾಲದ್ದಲ್ಲ ಎಂಬ ವಾದವೂ ಸುಳ್ಳು. ಡನ್‌ಲಪ್ ಡಿಸ್ಕ್ ತೊಟ್ಟ ಜಾಗ್ವಾರ್ ಲೆ ಮಾನ್ ರೇಸ್ ಗೆದ್ದದ್ದು 1953ರಲ್ಲಿ. ಅಂಬಾಸಿಡರಿಗೆ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿ ಹೊರಬಂದದ್ದು 1956ರಲ್ಲಿ. ಕಡೆಗಾಲದ ಅಂಬಾಸಿಡರ್‌ಗಳಿಗೆ ಕಾರ್ಖಾನೆಯೇ ಮುಂದೆ ಡಿಸ್ಕ್ ಕೊಟ್ಟಿತ್ತು. ಹದಿನೈದಿಂಚಿನ ಚಕ್ರ, ಕ್ಯಾಲಿಪರ್ ಕೂರಲು ಧಾರಾಳ ಜಾಗ. ಇನ್ನೇನು ಬೇಕು?

ಆದರೆ ನಿಜವಾಗಿ ಸಿಟ್ಟು ಬರಿಸುವವರು ನಮ್ಮದೇ ಡಿಸ್ಕ್ ಪಂಗಡದವರು. ಹಳೇ ಮಾಸ್ಟರ್ ಸಿಲಿಂಡರನ್ನೇ ಉಳಿಸಿ ಡಿಸ್ಕ್ ಕೂರಿಸುತ್ತಾರೆ. ಡ್ರಮ್ಮಿಗೆಂದು ಮಾಡಿದ ಸಿಲಿಂಡರಿನ ಬಾಯಲ್ಲಿ ಸಣ್ಣದೊಂದು ಚೆಕ್ ವಾಲ್ವ್ ಇರುತ್ತದೆ. ಕಾಲು ತೆಗೆದ ಮೇಲೂ ಪೈಪಿನಲ್ಲಿ ಇಷ್ಟು ಒತ್ತಡ ಉಳಿಸುವುದು ಅದರ ಕೆಲಸ. ಡ್ರಮ್ಮಿನೊಳಗೆ ಶೂಗಳನ್ನು ಹಿಂದಕ್ಕೆಳೆಯಲು ಗಟ್ಟಿ ಸ್ಪ್ರಿಂಗ್ ಉಂಟು, ಅದಕ್ಕೆ ಈ ಒತ್ತಡ ಲೆಕ್ಕಕ್ಕಿಲ್ಲ. ಡಿಸ್ಕಿನಲ್ಲಿ ಅಂಥ ಸ್ಪ್ರಿಂಗ್ ಎಲ್ಲಿ? ಪ್ಯಾಡು ಉಜ್ಜುತ್ತಲೇ ಇರುತ್ತದೆ, ಹಬ್ ಕಾಯುತ್ತದೆ. ದೂರು ಹೇಳಿದರೆ ಒಂದೇ ಉತ್ತರ: "ಬೂಸ್ಟರ್ ಹಾಕ್ಸಿ ಸಾರ್." ಪೆಡಲ್ ಗಟ್ಟಿಯಾದರೂ ಬೂಸ್ಟರ್, ಮೆತ್ತಗಾದರೂ ಬೂಸ್ಟರ್. ಡಿಸ್ಕಿಗೆ ಬೂಸ್ಟರ್ ಒಳ್ಳೆಯದೇ, ಬೇಡವೆನ್ನುತ್ತಿಲ್ಲ. ಆದರೆ ಲೈನಿನಲ್ಲಿ ಸಿಕ್ಕಿಬಿದ್ದ ಒತ್ತಡವನ್ನು ಅದು ಬಿಡಿಸುತ್ತದೆಯೆ?

ಕ್ಯಾಲಿಪರ್ ಹಿಡಿಯುವ ಬ್ರಾಕೆಟ್ಟಿನ ಕತೆ ಇನ್ನೂ ಘೋರ. ಗ್ಯಾಸ್ ಕಟರಿನಲ್ಲಿ ತಗಡು ಕತ್ತರಿಸಿ ಸ್ಟಬ್ ಆಕ್ಸಲ್‌ಗೇ ವೆಲ್ಡ್ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಕಾಯಿಸಿ ಬಡಿದು ಹದ ಮಾಡಿದ ಉಕ್ಕದು; ವೆಲ್ಡಿಂಗ್ ಬೆಂಕಿಗೆ ಹದ ತಪ್ಪುತ್ತದೆ. ಮುಂದಿನ ಬ್ರೇಕಿನ ಬಲವೆಲ್ಲ ಆ ತುಂಡಿನ ಮೇಲೆ ಬೀಳುತ್ತದೆ. ಬಣ್ಣ ಬಳಿದು ಮಾರಿಬಿಡುತ್ತಾರೆ, ಆಮೇಲೆ ಚಾರ್ಮಾಡಿ ಘಾಟಿ ಇಳಿಯುವವರು ಬೇರೆ ಯಾರೋ. ಇದನ್ನು ಹವ್ಯಾಸ ಎನ್ನಲು ನನಗೆ ನಾಲಿಗೆ ಬರುವುದಿಲ್ಲ.

ಹಾಗಂತ ಡ್ರಮ್ಮಿನ ಬಗ್ಗೆ ನನಗೆ ತಾತ್ಸಾರವಿಲ್ಲ. ಅಂಬಾಸಿಡರಿನ ಮುಂದಿನ ಡ್ರಮ್ಮನ್ನು ಯೋಚಿಸಿದವನ ತಲೆಗೆ ಕೈಮುಗಿಯಬೇಕು. ಒಂದೊಂದು ಚಕ್ರಕ್ಕೂ ಎರಡು ವೀಲ್ ಸಿಲಿಂಡರು, ಎರಡೂ ಶೂ ಮುಂಚೂಣಿಯವು: ತಿರುಗುವ ಡ್ರಮ್ಮೇ ಶೂವನ್ನು ಎಳೆದು ತನ್ನ ಮೈಗೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಕಾಲು ಕೊಟ್ಟ ಬಲಕ್ಕೆ ಚಕ್ರವೂ ತನ್ನ ಪಾಲು ಸೇರಿಸುತ್ತದೆ. ಬೂಸ್ಟರಿಲ್ಲದೆ ಅಷ್ಟು ಭಾರದ ಗಾಡಿ ನಿಲ್ಲುತ್ತಿದ್ದ ಗುಟ್ಟು ಇದೇ. ಡಿಸ್ಕಿಗೆ ಈ ಜಾಣತನ ಗೊತ್ತಿಲ್ಲ. ಆದರೆ ಘಾಟಿಯಲ್ಲಿ ಕಾದ ಡ್ರಮ್ಮು ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ಇನ್ನೊಂದು ತಮಾಷೆ, ಆ ಜಾಣತನವೆಲ್ಲ ಗಾಡಿ ಮುಂದಕ್ಕೆ ಹೋಗುವಾಗ ಮಾತ್ರ. ಹಿಂದಕ್ಕೆ ಉರುಳಿದರೆ ಮುಂದಿನ ನಾಲ್ಕೂ ಶೂಗಳು ಸೋಮಾರಿಗಳು. ಅದಕ್ಕೇ ಹಳೇ ಡ್ರೈವರುಗಳು ಏರಿನಲ್ಲಿ ನಿಂತಾಗ ಹ್ಯಾಂಡ್‌ಬ್ರೇಕನ್ನೇ ನೆಚ್ಚುತ್ತಿದ್ದದ್ದು. ಅದು ಹಿಂದಿನ ಚಕ್ರಗಳದ್ದು, ಅಲ್ಲಿ ಗಾಡಿ ಯಾವ ಕಡೆಗೆ ಜಾರಿದರೂ ಒಂದು ಶೂವಾದರೂ ಕಚ್ಚುತ್ತದೆ.