ನೆಲ ಬದಲಿಸಿದ ಹಬ್ಬ

ಬೆಂಗಳೂರಿನಿಂದ ಮೈಸೂರಿನ ದಸರೆಗೆ ಹೊರಟ ಸಂಸಾರಗಳಿಗೆ ಶಿಂಷಾ ನದಿಯ ದಡದ ಮದ್ದೂರು ಬಹುಕಾಲದ ತಂಗುದಾಣ. ಅಲ್ಲಿ ವಡೆ ಸವಿದು, ಕಬ್ಬು ಬತ್ತಗಳ ಹಸುರಿನ ನಡುವೆ ಮಂಡ್ಯವನ್ನು ಹಾಯ್ದರೆ, ಕಾವೇರಿಯ ಎರಡು ಕವಲುಗಳು ಬಳಸಿದ ಶ್ರೀರಂಗಪಟ್ಟಣ ಎದುರಾಗುತ್ತದೆ. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯಾದರೋ ಈ ಊರುಗಳನ್ನೆಲ್ಲ ಬದಿಗಿರಿಸಿ ಸಾಗುತ್ತದೆ. ಆ ದಾರಿಯಲ್ಲಿ ಧಾವಿಸುವವರು ಮೈಸೂರು ದಸರೆಯ ಹುಟ್ಟುನೆಲವನ್ನು ನೋಡದೆಯೇ ದಸರೆಯನ್ನು ನೋಡಿ ಮರಳುತ್ತಾರೆ.

1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಈ ದ್ವೀಪವನ್ನು ಪಡೆದು, ಅದೇ ವರ್ಷ ಇಲ್ಲಿ ಮಹಾನವಮಿಯನ್ನು ಆಚರಿಸಿದರು. ಹಂಪೆಯ ವೈಭವವು 1565ರ ಯುದ್ಧದೊಡನೆ ಅಳಿದಿದ್ದರೂ ಅದರ ಹಬ್ಬ ಹೀಗೆ ಹೊಸ ನೆಲೆಯನ್ನು ಕಂಡಿತು. ಪೂಜೆ, ಮೆರವಣಿಗೆಗಳಷ್ಟೇ ಅಲ್ಲ, ಮಲ್ಲರ ಕಾಳಗವೂ ಆ ಹಬ್ಬದ ಅಂಗವಾಗಿತ್ತು. ಹಲ್ಲು ಮುರಿದು, ಮುಖ ವಿರೂಪಗೊಳ್ಳುವಂತಹ ಹೊಡೆತಗಳನ್ನು ಹಂಪೆಯಲ್ಲಿ ಸುಮಾರು 1520ರಲ್ಲಿ ಕಂಡವನು ಪೋರ್ಚುಗೀಸ್ ಪ್ರವಾಸಿ ಪಾಯೆಸ್. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗ ಆ ಪರಂಪರೆಯ ನೆನಪು. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿಗಳು ತಲೆ ಬೋಳಿಸಿಕೊಂಡು ಕೆಮ್ಮಣ್ಣಿನ ಅಖಾಡಕ್ಕಿಳಿಯುತ್ತಾರೆ. ಒಬ್ಬನ ನೆತ್ತಿಯಲ್ಲಿ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ.

ದೇವರ ಸನ್ನಿಧಿಯಲ್ಲಿ ದೇಹಬಲದ ಸ್ಪರ್ಧೆ ನಡೆಸಿದವರು ನಮ್ಮವರು ಮಾತ್ರವಲ್ಲ. ಗ್ರೀಸ್ ದೇಶದ ಒಲಿಂಪಿಯವೂ ಆಲ್ಫಿಯಸ್, ಕ್ಲಾಡಿಯಸ್ ಎಂಬ ಎರಡು ಹೊಳೆಗಳು ಕೂಡುವ ಕ್ಷೇತ್ರ. ಕ್ರಿ. ಪೂ. 776ರಿಂದ ನಾಲ್ಕು ವರ್ಷಕ್ಕೊಮ್ಮೆ ಜ್ಯೂಸ್ ದೇವನ ಹೆಸರಿನಲ್ಲಿ ಅಲ್ಲಿ ಓಟ, ಬಳಿಕ ಕುಸ್ತಿ, ರಥಸ್ಪರ್ಧೆಗಳು ನಡೆದವು. ಗೆದ್ದವನಿಗೆ ದೊರೆಯುತ್ತಿದ್ದುದು ಆಲಿವ್ ಎಲೆಗಳ ಕಿರೀಟ. ಕ್ರಿ. ಶ. 4ನೆಯ ಶತಮಾನದ ಕೊನೆಯಲ್ಲಿ ರೋಮನ್ ಚಕ್ರವರ್ತಿ ಥಿಯೊಡೋಸಿಯಸ್ ಹಳೆಯ ದೇವತಾರಾಧನೆಯನ್ನು ನಿಷೇಧಿಸಿದನು, ಕ್ರೀಡೆಗಳೂ ನಿಂತವು. ಕ್ರೀಡಾಂಗಣದ ಮೇಲೆ ಹೊಳೆಯ ಹೂಳು ತುಂಬಿತು. ಫ್ರಾನ್ಸಿನ ಕೂಬರ್ಟಿನ್ನನ ಯತ್ನದಿಂದ 1896ರಲ್ಲಿ ಕ್ರೀಡೆಗಳು ಮತ್ತೆ ಉದಿಸಿದುದು ಒಲಿಂಪಿಯದಲ್ಲಲ್ಲ, ಅಥೆನ್ಸಿನಲ್ಲಿ.

ಶ್ರೀರಂಗಪಟ್ಟಣದ ಹಬ್ಬವನ್ನು ಕದಲಿಸಿದುದು ಯುದ್ಧ. 1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಟಿಪ್ಪುಸುಲ್ತಾನನನ್ನು ಹಿಮ್ಮೆಟ್ಟಿಸಿದ ಹ್ಯಾರಿಸನ ಸೈನ್ಯ, ಸೋಸಲೆಯ ಬಳಿ ಕಾವೇರಿಯನ್ನು ದಾಟಿತು. ಮೇ 4ರಂದು ಕೋಟೆ ಬಿದ್ದಿತು, ಸುಲ್ತಾನನೂ ಮಡಿದನು. ದ್ವೀಪವು ಕಂಪನಿಯ ಕೈಸೇರಿತು. ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ಸಿಂಹಾಸನದ ಹಿಂದೆಯೇ ದಸರೆಯೂ ನಡೆಯಿತು.

ಅಥೆನ್ಸಿನ ಆ ಕೂಟವಾದ 108 ವರ್ಷಗಳ ಮೇಲೆ, 2004ರಲ್ಲಿ, ಗುಂಡೆಸೆತದ ಸ್ಪರ್ಧೆಯೊಂದು ಒಲಿಂಪಿಯದ ಪುರಾತನ ಅಂಗಣಕ್ಕೆ ಹಿಂದಿರುಗಿತು. ಎರಡು ಶತಮಾನ ಕಳೆದ ಬಳಿಕ ಶ್ರೀರಂಗಪಟ್ಟಣದಲ್ಲಿಯೂ ದಸರೆ ಮರಳಿ ಆರಂಭವಾಗಿ, ಕಿರಂಗೂರಿನ ಬನ್ನಿಮಂಟಪದಿಂದ ಜಂಬೂಸವಾರಿ ಹೊರಡುತ್ತಿದೆ. ಮೈಸೂರಿನ ಬೆಳಕಿನ ಮುಂದೆ ಇದು ಚಿಕ್ಕ ದೀಪವೇ ಸರಿ. ಆದರೆ ಜನ ಬಂದು ನೋಡಿದರಷ್ಟೇ ಅದು ಉರಿದೀತು. ದಸರೆಗೆ ಹೊರಟವರು ಹೊಸ ಹೆದ್ದಾರಿಯಿಂದ ಇಳಿದು ಇಲ್ಲಿ ಅರ್ಧ ದಿನ ಕಳೆದರೆ, ಮಕ್ಕಳಿಗೆ ಹಬ್ಬದ ಕಥೆಯನ್ನು ಅದರ ಮೊದಲ ಪುಟದಿಂದ ಹೇಳಿದಂತಾಗುತ್ತದೆ.