ಮನೆಯಾಕೆಯನ್ನೂ ಕೇಳಿ



ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲೂಕುಗಳಲ್ಲಿ ಪಾಠ ಹೇಳಿದವನು ನಾನು. ನಮ್ಮ ಸೀಮೆಯ ಗಂಡಸರು ಕಟ್ಟೆಯ ಮೇಲೆ ಕುಳಿತು ಮಳೆ, ತೊಗರಿಯ ಧಾರಣೆ, ರಾಜಕಾರಣಗಳನ್ನು ದಿನವಿಡೀ ಚರ್ಚಿಸಬಲ್ಲರು. ಆದರೆ ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳಬೇಕಾಗುತ್ತಿದೆ ಎಂಬುದನ್ನು ಹೆಂಡತಿಗೂ ಹೇಳರು. ಬಹುಮಟ್ಟಿಗೆ ಅದು ವಯೋಸಹಜ ಊತ; ಕೆಲವೊಮ್ಮೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್.

ರೋಗವು ಗ್ರಂಥಿಯೊಳಗೇ ಇರುವಾಗ ಶಸ್ತ್ರಕ್ರಿಯೆ, ವಿಕಿರಣ, ಇಲ್ಲವೆ ಆಗಾಗ ಪರೀಕ್ಷಿಸುತ್ತ ಕಾಯುವುದು ಎಂಬ ದಾರಿಗಳಿವೆ. ಬ್ರಿಟನ್ನಿನಲ್ಲಿ ಅಂಥ 1643 ಜನರನ್ನು ಸುಮಾರು 15 ವರ್ಷ ಗಮನಿಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಯಾವ ದಾರಿ ಹಿಡಿದವರಲ್ಲಿಯೂ ಈ ರೋಗದಿಂದ ಮಡಿದವರು ನೂರಕ್ಕೆ ಮೂವರ ಆಸುಪಾಸು. ಕಾದವರಲ್ಲಿ ರೋಗ ಹರಡಿದ್ದು ಹೆಚ್ಚು. ಶಸ್ತ್ರಕ್ರಿಯೆಯಾದವರಲ್ಲಿ ಮೂತ್ರದ ಹಿಡಿತಕ್ಕೂ ದಾಂಪತ್ಯಸುಖಕ್ಕೂ ಆದ ಧಕ್ಕೆ ಹೆಚ್ಚು. ಅಂದಮೇಲೆ ಈ ನಿರ್ಧಾರ ಒಬ್ಬರದಲ್ಲ, ಇಬ್ಬರದು.

ನಮ್ಮಲ್ಲಿ ಅನೇಕರು ರೋಗ ಎಲುಬಿಗಿಳಿದು ಬೆನ್ನು ನೋಯತೊಡಗಿದ ಮೇಲೆಯೇ ವೈದ್ಯರನ್ನು ಕಾಣುತ್ತಾರೆ. ಆಗ ಪುರುಷ ಹಾರ್ಮೋನನ್ನು ತಗ್ಗಿಸಬೇಕಾಗುತ್ತದೆ. ಇದನ್ನು 1941ರಲ್ಲಿ ತೋರಿಸಿಕೊಟ್ಟ ಚಾರ್ಲ್ಸ್ ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಬಹುಮಾನ ಸಂದಿತು. ತಿಂಗಳಿಗೋ ಮೂರು ತಿಂಗಳಿಗೋ ಒಂದು ಚುಚ್ಚುಮದ್ದು, ಇಲ್ಲವೆ ವೃಷಣಗಳನ್ನು ತೆಗೆಯುವ ಒಂದೇ ಶಸ್ತ್ರಕ್ರಿಯೆ. ಎರಡರ ಫಲವೂ ಹೆಚ್ಚುಕಡಿಮೆ ಒಂದೇ.

ಅಫಜಲಪುರದ ಕಡೆಯ ನನ್ನ ವೃದ್ಧ ಮಿತ್ರರೊಬ್ಬರಿಗೆ ಮಕ್ಕಳೇ ಚುಚ್ಚುಮದ್ದನ್ನು ನಿಶ್ಚಯಿಸಿದ್ದರು. ತಾಯಿಯನ್ನು ಯಾರೂ ಕೇಳಿರಲಿಲ್ಲ. ಒಂದು ಸಂಜೆ ಆಕೆಯೇ ಕೇಳಿದರು: “ಸೂಜಿ ಒಮ್ಮೆ ತಪ್ಪಿತಂದ್ರ ಏನಾಗ್ತದ್ರೀ?” ಭೀಮೆ ಉಕ್ಕಿ ದಾರಿ ಕಟ್ಟಿದರೆ, ಕೈಯಲ್ಲಿ ಹಣವಿಲ್ಲದಿದ್ದರೆ ಏನು ಗತಿ ಎಂಬುದು ಆಕೆಯ ಚಿಂತೆ. ಆಗ ಮಿತ್ರರು ಮೊದಲ ಬಾರಿಗೆ ಬಾಯಿಬಿಟ್ಟರು: “ಆಪರೇಶನ್ ಮಾಡಿಸಿಕೊಂಡ್ರ ಜನ ಏನಂದಾರು?” ಆಕೆ ತಟ್ಟನೆ, “ಜನರ ಸಂಗಡ ಸಂಸಾರ ಮಾಡೀನೇನು ನಾನು?” ಎಂದರು. ಅವರು ಶಸ್ತ್ರಕ್ರಿಯೆಯನ್ನೇ ಆರಿಸಿಕೊಂಡರು.

ಜೇವರ್ಗಿಯ ಇನ್ನೊಂದು ದಂಪತಿಗಳು, ಬೇಕಾದರೆ ನಿಲ್ಲಿಸಬಹುದೆಂದು ಚುಚ್ಚುಮದ್ದನ್ನು ಒಪ್ಪಿದರು. ಅದೂ ಸರಿಯೇ. ಕೂಡಿ ಯೋಚಿಸಿದರು ಎಂಬುದು ಮುಖ್ಯ.

ಈಗ ಕಲಬುರಗಿಯಲ್ಲಿಯೇ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ. ಮೊದಲ ಸಲಹೆಗೇ ಬೆಂಗಳೂರಿನವರೆಗೆ ಹೋಗಬೇಕಿಲ್ಲ. ನಿಮ್ಮಲ್ಲಿ ಹಲವರಿಗೆ ಅರವತ್ತು ಸಮೀಪಿಸಿದೆ. ತಂದೆಯನ್ನು ಕರೆದೊಯ್ಯುವಾಗ ತಾಯಿಗೂ ಒಂದು ಟಿಕೇಟು ತೆಗೆಸಿರಿ. ಆಕೆಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸದೆ ವೈದ್ಯರ ಎದುರಿಗೆ ಕೂರಿಸಿರಿ. ರಾತ್ರಿ ಎಷ್ಟು ಸಲ ಎದ್ದರೆಂಬ ಲೆಕ್ಕ ಆಕೆಗಲ್ಲದೆ ಮತ್ತಾರಿಗೆ ಗೊತ್ತು?