ಚೌಕಾಸಿಯಿಲ್ಲದ ಸಂತೆ

ಚೌಕಾಸಿ ಮಾಡದೆ ಸಂತೆಯಿಂದ ಬಂದ ಹೆಂಗಸನ್ನು ನಮ್ಮ ಕಡೆ ಯಾರೂ ಜಾಣೆ ಎನ್ನುವುದಿಲ್ಲ. ಸೊಪ್ಪಿನವಳು ಮೂರು ಕಟ್ಟಿಗೆ ಐವತ್ತು ಎಂದರೆ ನಾವು ನಲವತ್ತು ಎನ್ನಬೇಕು. ಎರಡು ಹೆಜ್ಜೆ ಮುಂದೆ ಹೋದಂತೆ ಮಾಡಬೇಕು. ಅವಳು ಕೂಗಿ ಕರೆಯಬೇಕು. ದನದ ಜಾತ್ರೆಯಲ್ಲಿ ಗಂಡಸರು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಇಳಿಸುವುದನ್ನು ಕಂಡವರಿಗೆ, ಈ ವಿದ್ಯೆ ಹೆಂಗಸರದ್ದು ಮಾತ್ರವಲ್ಲ ಎಂಬುದೂ ಗೊತ್ತು.

ಹೀಗಿರುವಾಗ ಚಿತ್ರಗಳನ್ನೂ ಸಂತೆಯಲ್ಲಿಟ್ಟು ಮಾರಿದರೆ? ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ಎರಡು ದಶಕಗಳಿಂದ ಅದನ್ನೇ ಮಾಡುತ್ತಿದೆ. ವರ್ಷದ ಮೊದಲಲ್ಲಿ ಒಂದು ಭಾನುವಾರ ಕುಮಾರಕೃಪಾ ರಸ್ತೆಯ ವಾಹನಗಳನ್ನೆಲ್ಲ ತಡೆದು, ಎರಡೂ ಬದಿಗೆ ದೇಶದ ನಾನಾ ಕಡೆಯ ಕಲಾವಿದರನ್ನು ಕೂರಿಸುತ್ತಾರೆ. ಹೆಸರು ಚಿತ್ರಸಂತೆ. ‘ಮನೆಗೊಂದು ಕಲಾಕೃತಿ’ ಎಂಬುದು ಅದರ ಘೋಷಣೆ. ಪ್ರತಿ ಸಲವೂ ಒಂದು ವಿಷಯ ಉಂಟು. 2019ರಲ್ಲಿ ಗಾಂಧೀಜಿಗೆ, 2024ರಲ್ಲಿ ಇಸ್ರೋ ವಿಜ್ಞಾನಿಗಳಿಗೆ ಅರ್ಪಣೆಯಾದ ಸಂತೆ, 2025ರ ಜನವರಿ 5ರಂದು ಹೆಣ್ಣು ಮಗುವಿಗೆ ಅರ್ಪಣೆಯಾಯಿತು. ಅದು ಇಪ್ಪತ್ತೆರಡನೆಯ ಸಂತೆ.

ಹೆಣ್ಣು ಮಗುವಿನ ಸಂತೆ ಎಂದ ಮೇಲೆ ನಾವು ಹೆಣ್ಣುಮಕ್ಕಳು ಹೋಗದಿದ್ದರೆ ಹೇಗೆ? ಗುಬ್ಬಿಯಿಂದ ನಮ್ಮತ್ತೆ ರೈಲು ಹತ್ತಿದರು, ತುಮಕೂರಿನಲ್ಲಿ ನಾನು ಸೇರಿಕೊಂಡೆ. ಕುಣಿಗಲ್ಲಿನ ನಾದಿನಿ ಬಸ್ಸಿನಲ್ಲಿ ಬಂದು ಬೆಂಗಳೂರಿನಲ್ಲಿ ಜೊತೆಯಾದಳು.

ರೈಲಿನಲ್ಲಿ ಅತ್ತೆಯವರಿಗೆ ಬಾಳೆಹಣ್ಣಿನ ಕಥೆ ಹೇಳಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಎಂಬ ಊರಿನಲ್ಲಿ 1970ರಲ್ಲಿ ಶುರುವಾದ ಕಲಾಮೇಳವೊಂದಿದೆ. ಅದನ್ನು ಹುಟ್ಟುಹಾಕಿದ ಮೂವರಲ್ಲಿ ಒಬ್ಬರು ಹೆಂಗಸು, ಟ್ರೂಡಿ ಬ್ರಕ್ನರ್. ಅದೇ ಮೇಳ ಅಮೆರಿಕದ ಮಿಯಾಮಿಯಲ್ಲೂ ನಡೆಯುತ್ತದೆ. ಅಲ್ಲಿ 2019ರಲ್ಲಿ ಇಟಲಿಯ ಮೌರಿಜಿಯೊ ಕ್ಯಾಟೆಲಾನ್ ಒಂದು ಬಾಳೆಹಣ್ಣನ್ನು ಟೇಪಿನಿಂದ ಗೋಡೆಗೆ ಅಂಟಿಸಿ 1,20,000 ಡಾಲರಿಗೆ ಮಾರಿದರು. 2024ರ ನವೆಂಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅಂಥದೇ ಒಂದು 62 ಲಕ್ಷ ಡಾಲರಿಗೆ ಹೋಯಿತು. ಕೊಂಡವರು ಅದನ್ನು ಸುಲಿದು ತಿಂದೇಬಿಟ್ಟರು. ಹಣ್ಣು ಹೋದರೂ ನಷ್ಟವಿಲ್ಲ. ಮಾರಿದ್ದು ಹೇಗೆ ಅಂಟಿಸಬೇಕೆಂಬ ಪತ್ರವನ್ನು.

ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, “ಏಲಕ್ಕಿ ಬಾಳೆಯೋ, ಪಚ್ಚಬಾಳೆಯೋ?” ಎಂದರು.

ಅವರಿಗೆ ಚಿತ್ರವೆಂದರೆ ಗುಬ್ಬಿ ವೀರಣ್ಣನವರ ಕಂಪನಿಯ ಪರದೆಗಳು. ಅರಮನೆಯ ಪರದೆ ಮೇಲೆ ಸುತ್ತಿಕೊಂಡರೆ ಹಿಂದೆ ಕಾಡು ಬರುತ್ತಿತ್ತಂತೆ. ಮುಂದಿನ ಸಾಲಿನ ಮಕ್ಕಳಿಗೆ ಆ ಕಾಡಿನೊಳಗೆ ಓಡಿಹೋಗೋಣ ಎನಿಸುತ್ತಿತ್ತಂತೆ. “ಆ ಕಾಡು ಬರೆದವರು ಯಾರತ್ತೆ?” ಎಂದೆ. “ಅದನ್ನ ಯಾರು ಕೇಳ್ತಿದ್ರು? ಪಾತ್ರಧಾರಿಗಳ ಹೆಸರು ಎಲ್ಲರ ಬಾಯಲ್ಲೂ ಇತ್ತು” ಎಂದರು.

ಆ ಮಾತು ನನ್ನನ್ನು ಶೀಲಾ ಗೌಡರ ಕಡೆಗೆ ಕೊಂಡೊಯ್ದಿತು. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಈ ಕಲಾವಿದೆ ತೊಂಬತ್ತರ ದಶಕದ ಮೊದಲಲ್ಲಿ ಬಣ್ಣದ ಬದಲು ಸಗಣಿಯನ್ನು ಕೈಗೆತ್ತಿಕೊಂಡರು. 1998ರ ಒಂದು ಕೃತಿಗಾಗಿ ಸೂಜಿಯ ಕಣ್ಣುಗಳಲ್ಲಿ ಮಾರುಗಟ್ಟಲೆ ದಾರ ಪೋಣಿಸಿ, ಕುಂಕುಮ ಬಳಿದು, ಕೆಂಪು ಹಗ್ಗ ಮಾಡಿದರು. ಅದಕ್ಕೆ ಅವರಿಟ್ಟ ಹೆಸರಿನಲ್ಲೇ ನೋವು ಇದೆ. ಅವರ ಕೃತಿಗಳು 2007ರಲ್ಲಿ ಜರ್ಮನಿಯ ಕಾಸೆಲ್‌ಗೆ, 2009ರಲ್ಲಿ ವೆನಿಸ್‌ಗೆ ಹೋದವು. ಸಗಣಿ, ಸೂಜಿ, ದಾರ, ಕುಂಕುಮ — ನಮ್ಮ ಮನೆಯಲ್ಲಿಲ್ಲದ್ದು ಇದರಲ್ಲಿ ಯಾವುದು? ಹಾಗೆಂದು ನಾವೂ ಅದನ್ನು ಮಾಡಬಹುದಿತ್ತು ಎಂದು ಹೇಳುವಷ್ಟು ಸುಲಭವಲ್ಲ. ದಿನಾ ಮುಟ್ಟುವ ವಸ್ತುವಿನ ಮುಂದೆ ನಿಂತು, ಇದು ಎಷ್ಟು ಕೈಗಳ ದುಡಿಮೆ ಎಂದು ಯೋಚಿಸುವ ಪುರಸೊತ್ತು ಬೇಕು. ಮಾಡಿದ್ದಕ್ಕೆ ಮಾಡಿದವಳ ಹೆಸರು ಉಳಿಯಬೇಕು. ನಾವು ಬೆಳಗ್ಗೆ ಇಟ್ಟ ರಂಗೋಲಿ ಮಧ್ಯಾಹ್ನದ ಹೊತ್ತಿಗೆ ಸ್ಕೂಟರಿನ ಚಕ್ರಕ್ಕೆ ಅಂಟಿ ಹೋಗಿರುತ್ತದೆ.

ಸಂತೆಯಲ್ಲಿ ಹೆಣ್ಣು ಮಕ್ಕಳ ಚಿತ್ರಕ್ಕೆ ಬರವಿರಲಿಲ್ಲ. ಪುಸ್ತಕ ಹಿಡಿದವಳು, ರೆಕ್ಕೆ ಬಂದವಳು, ಚಂದ್ರನ ಮೇಲೆ ಕೂತವಳು. ಅತ್ತೆ ಒಂದೊಂದನ್ನೂ ನಿಂತು ನೋಡಿ, “ಎಲ್ಲಾ ಚೆನ್ನಾಗಿದೆ. ಈ ಹುಡುಗೀರಿಗೆ ಮದುವೆಯಾದ ಮೇಲಿನ ಚಿತ್ರ ಎಲ್ಲಿಟ್ಟಿದ್ದಾರೆ?” ಎಂದು ಕೇಳಿದರು. ನಾದಿನಿ ನಕ್ಕಳು, ಆದರೆ ಆ ನಗು ಬೇಗ ನಿಂತಿತು. ಶಾಲೆಯಲ್ಲಿ ಡ್ರಾಯಿಂಗಿನ ಲೋಯರ್, ಹೈಯರ್ ಎರಡೂ ಪರೀಕ್ಷೆ ಪಾಸು ಮಾಡಿದವಳು ಅವಳು. ಅವಳ ಚಿತ್ರದ ಹಾಳೆಗಳು ಮದುವೆಯಾದ ಎರಡನೇ ವರ್ಷ ಅಡುಗೆಮನೆಯ ಡಬ್ಬಿಗಳ ಕೆಳಗೆ ಹಾಸಾಗಿದ್ದವು. ಈಗ ಅವಳು ಸೀರೆಗಳಿಗೆ ಫಾಲ್ ಹಚ್ಚುತ್ತಾಳೆ.

ರಸ್ತೆಯ ಕೊನೆಯಲ್ಲಿ ಒಬ್ಬ ಹುಡುಗಿ ಗೋಡೆಗೊರಗಿ ಕೂತಿದ್ದಳು. ಅವಳ ಚಿತ್ರವೊಂದರಲ್ಲಿ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು, ಅದರ ಮೇಲೆ ಬೋರಲು ಹಾಕಿದ ಎರಡು ಪಾತ್ರೆ, ಒಂದು ಕಾಗೆ. ಬೆಲೆ 2,400 ರೂಪಾಯಿ. ನಾನು ವಾಡಿಕೆಯಂತೆ “ಕೊನೇ ರೇಟು ಹೇಳಮ್ಮ” ಎನ್ನುವಷ್ಟರಲ್ಲಿ ನಾದಿನಿ ನನ್ನ ಮೊಣಕೈ ಹಿಡಿದು, “ಎಷ್ಟು ದಿನ ಹಿಡೀತು?” ಎಂದು ಅವಳನ್ನು ಕೇಳಿದಳು.

“ಹನ್ನೆರಡು ಸಂಜೆ, ಅಕ್ಕ.”

ನಾದಿನಿ ಬೆರಳು ಮಡಿಸಿ ಲೆಕ್ಕ ಹಾಕಿದಳು. ಒಂದು ಫಾಲಿಗೆ ನೂರು ರೂಪಾಯಿ. ಸಂಜೆಗೆ ಎರಡು ಸೀರೆ. ಹನ್ನೆರಡು ಸಂಜೆಗೆ ಇಪ್ಪತ್ನಾಲ್ಕು. “ಇದು ನನ್ನ ರೇಟೇ. ಬಣ್ಣದ ಖರ್ಚು, ಬಸ್ ಚಾರ್ಜು ಹಿಡಿದರೆ ಈ ಹುಡುಗಿಗೆ ನನಗಿಂತ ಕಡಿಮೆಯೇ ಸಿಗುತ್ತೆ” ಎಂದಳು. ಬಾಗಿಲಿಗೆ ಬಂದವರು ಹತ್ತು ರೂಪಾಯಿ ಬಿಡು, ಇಪ್ಪತ್ತು ಬಿಡು ಎಂದು ದಿನವೂ ಅವಳನ್ನು ಇಳಿಸುತ್ತಾರೆ. ಹಾಗೆ ಇಳಿಸಿಕೊಂಡು ಗೊತ್ತಿದ್ದವಳು ಇನ್ನೊಬ್ಬಳನ್ನು ಇಳಿಸಲಿಲ್ಲ. ಪರ್ಸಿನ ಒಳಜೇಬಿನಿಂದ ಹಣ ತೆಗೆದು ಎಣಿಸಿ ಕೊಟ್ಟು, ಚಿತ್ರದ ಮೂಲೆಯಲ್ಲಿ ಹೆಸರು ಬರೆದಿದೆಯೇ ಎಂದು ನೋಡಿದಳು. ಬರೆದಿತ್ತು.

ಬಾಳೆಹಣ್ಣಿನ ಬೆಲೆ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆ ಹಣಕ್ಕೂ ಕೈಯ ದುಡಿಮೆಗೂ ಇರುವ ನಂಟು ನನ್ನ ಲೆಕ್ಕಕ್ಕೆ ಸಿಗುವುದಿಲ್ಲ. ಆದರೆ ಕಲೆಯ ಬೆಲೆ ಕಟ್ಟುವುದು ದೊಡ್ಡ ಊರಿನ ದೊಡ್ಡವರಿಗೆ ಮಾತ್ರ ಬರುವ ವಿದ್ಯೆ ಎಂದು ಯಾರಾದರೂ ಹೇಳಿದರೆ ನಾನೀಗ ಒಪ್ಪುವುದಿಲ್ಲ. ಕೈಕೆಲಸ ಬಲ್ಲ ಹೆಂಗಸಿಗೆ ಅದು ಬರುತ್ತದೆ.

ಕುಣಿಗಲ್ಲಿನಲ್ಲಿ ಚಿತ್ರ ತೂಗುಹಾಕುವ ಜಾಗಕ್ಕೆ ಎರಡು ದಿನ ಚರ್ಚೆಯಾಯಿತಂತೆ. ಹಾಲಿನಲ್ಲಿ ದೇವರ ಪಟ, ಕ್ಯಾಲೆಂಡರು, ಹಿರಿಯರ ಫೋಟೋ. ಕಾಗೆಗೆ ಅಲ್ಲಿ ಜಾಗವಿಲ್ಲ ಎಂದರಂತೆ. ಅವಳು ವಾದ ಮಾಡದೆ ಹೊಲಿಗೆ ಯಂತ್ರದ ಎದುರಿನ ಗೋಡೆಗೆ ತಾನೇ ಮೊಳೆ ಹೊಡೆದಳು. ಮೊನ್ನೆ ಫೋನಿನಲ್ಲಿ ಹೇಳಿದಳು: ಫಾಲಿಗೆ ಬಂದವರೊಬ್ಬರು ಎಂಬತ್ತಕ್ಕೆ ಮಾಡಿಕೊಡು ಎಂದರಂತೆ. ಇವಳು, “ನೂರು” ಎಂದಳಂತೆ. ಅವರು ಎರಡು ಹೆಜ್ಜೆ ಮುಂದೆ ಹೋದಂತೆ ಮಾಡಿದರಂತೆ.

ಇವಳು ಕೂಗಿ ಕರೆಯಲಿಲ್ಲವಂತೆ.